ಕೊನೆಯ ಮೂವತ್ತು ಮೀಟರು

ಪೊಂಗಲ್ ಮುಗಿಯಿತೆಂದರೆ ನೀಲಗಿರಿಯಲ್ಲಿ ಮನೆ ರಿಪೇರಿಯ ಕಾಲ. ಹಿಂಗಾರು ಹಿಂದೆ ಸರಿದಿರುತ್ತದೆ, ಮುಂಗಾರಿಗೆ ಇನ್ನೂ ನಾಲ್ಕೈದು ತಿಂಗಳಿರುತ್ತದೆ. ಊಟಿಯ ಹಳೆಯ ಬಂಗಲೆಗಳ ತಗಡು ಬಿಚ್ಚುವುದು, ಗೂಡಲೂರಿನಲ್ಲಿ ಪಾಚಿಗಟ್ಟಿದ ಗಾರೆ ಕೆರೆಯುವುದು, ಮಸಿನಗುಡಿಯಲ್ಲಿ ಅತಿಥಿಗಳಿಗೆಂದು ಇನ್ನೆರಡು ಕೋಣೆ ಎಬ್ಬಿಸುವುದು ಎಲ್ಲವೂ ಈ ಬಿಸಿಲಿನಲ್ಲೇ. ಅಡುಗೆಮನೆಯ ಕಲ್ಲು ಕಪ್ಪೋ ಕಂದೋ ಎಂದು ಮನೆಮಂದಿಯೆಲ್ಲ ವಾರಗಟ್ಟಲೆ ಚರ್ಚಿಸುತ್ತಾರೆ. ಟಿವಿ ವೈರಿನ ಮಾತು ಬರುವುದು ಮಾತ್ರ ಬಣ್ಣ ಬಳಿದಾದ ಮೇಲೆ, ಡಿಶ್ ಹಾಕುವ ಹುಡುಗ ಡ್ರಿಲ್ ಹಿಡಿದು ಹೊಸ ಕಿಟಕಿಯ ಚೌಕಟ್ಟಿನ ಮುಂದೆ ಬಂದು ನಿಂತಾಗ.

ಉಪಗ್ರಹ ಇರುವುದು ನೆಲದಿಂದ ಸುಮಾರು 36,000 ಕಿಲೋಮೀಟರ್ ಮೇಲೆ. ಅಲ್ಲಿಂದ ನಮ್ಮ ಡಿಶ್‌ವರೆಗೆ ಸಿಗ್ನಲ್ ಮುಟ್ಟಿಸುವುದು ಕಂಪನಿಯವರ ಹೊಣೆ, ಅದನ್ನವರು ಚೆನ್ನಾಗೇ ನಿಭಾಯಿಸುತ್ತಾರೆ. ಡಿಶ್‌ನಿಂದ ಮಲಗುವ ಕೋಣೆಯವರೆಗಿನ ಮೂವತ್ತು ಮೀಟರು ನಮ್ಮದು. ಚಿತ್ರ ಚೌಕಚೌಕವಾಗಿ ಒಡೆಯುವುದಕ್ಕೂ ‘ಸಿಗ್ನಲ್ ಇಲ್ಲ’ ಎಂಬ ಫಲಕ ಮೂಡುವುದಕ್ಕೂ ಕಾರಣ ಬಹುಪಾಲು ಈ ಮೂವತ್ತು ಮೀಟರಿನಲ್ಲೇ ಎಲ್ಲೋ ಅಡಗಿರುತ್ತದೆ. ಗೋಡೆ ತೆರೆದಿರುವಾಗ ಸರಿಪಡಿಸದಿದ್ದರೆ ಮುಂದೆ ಹದಿನೈದಿಪ್ಪತ್ತು ವರ್ಷ ಅದನ್ನು ಮುಟ್ಟುವವರಿರುವುದಿಲ್ಲ.

ಮೊದಲು ಆಕಾಶದ ಕಡೆ ನೋಡೋಣ. ನೀಲಗಿರಿಯವರಿಗೆ ಅಲ್ಲೊಂದು ಅನುಕೂಲವಿದೆ. ಮುತ್ತೋರೆಯ ಇಳಿಜಾರಿನಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೊ ದೂರದರ್ಶಕ ಮಲಗಿರುವುದನ್ನು ಊಟಿಗೆ ಹೋದವರು ದೂರದಿಂದಾದರೂ ಕಂಡಿರುತ್ತೀರಿ. ಗೋವಿಂದ ಸ್ವರೂಪ್ ಅವರ ಮುಂದಾಳ್ತನದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ಈ ಆಂಟೆನಾ 1970ರಲ್ಲಿ ಕೆಲಸ ಆರಂಭಿಸಿತು. ಅದಕ್ಕೆ ಆ ಗುಡ್ಡವೇ ಬೇಕಾಯಿತು. ಊರಿನ ಅಕ್ಷಾಂಶ ಸುಮಾರು 11 ಡಿಗ್ರಿ, ಗುಡ್ಡದ ಓರೆಯೂ ಅಷ್ಟೇ. ಹೀಗಾಗಿ ಆಂಟೆನಾದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತಿತು. ಒಂದೇ ಅಕ್ಷದ ಮೇಲೆ ತಿರುಗಿಸುತ್ತ ಒಂದು ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ನಮ್ಮ ಅರವತ್ತು ಸೆಂಟಿಮೀಟರಿನ ಡಿಶ್‌ಗೂ ಭಾಗ್ಯ ಬರೆದದ್ದು ಅದೇ 11 ಡಿಗ್ರಿ. ಸಮಭಾಜಕಕ್ಕೆ ಇಷ್ಟು ಹತ್ತಿರವಿರುವ ಊರಿನಲ್ಲಿ ಟಿವಿ ಉಪಗ್ರಹಗಳು ಬಹುತೇಕ ನೆತ್ತಿಯ ಮೇಲೇ ಇರುತ್ತವೆ.

ಲೆಕ್ಕ ಹಾಕಿದರೆ, ಊಟಿಯಿಂದ ಟಾಟಾ ಪ್ಲೇಯ 83 ಡಿಗ್ರಿ ಪೂರ್ವದ ಉಪಗ್ರಹ ದಿಗಂತದಿಂದ ಸುಮಾರು 75 ಡಿಗ್ರಿ ಮೇಲಿದೆ. ಡಿಡಿ ಫ್ರೀ ಡಿಶ್‌ನ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಅದು 66 ಡಿಗ್ರಿ ಎತ್ತರ. ಏರ್‌ಟೆಲ್‌ನ 108.2 ಡಿಗ್ರಿಯದು 51. ಮೂರೂ ಆಗ್ನೇಯ ದಿಕ್ಕಿನಲ್ಲೇ. ಮಸಿನಗುಡಿಯ ದಕ್ಷಿಣಕ್ಕೆ ನೀಲಗಿರಿ ಗೋಡೆಯಂತೆ ಎದ್ದು ನಿಂತಿದೆಯಲ್ಲ, ಅದು ಅಡ್ಡ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ, ಬೆಟ್ಟದ ನೆತ್ತಿ ಅಷ್ಟೆತ್ತರ ಏಳುವುದಿಲ್ಲ. ಅಡ್ಡ ಬರುವುದು ಅಂಗಳದ ಸಿಲ್ವರ್ ಓಕ್. ಫ್ರೀ ಡಿಶ್‌ನವರಿಗೆ ಲೆಕ್ಕ ಸುಲಭ: ಡಿಶ್‌ಗಿಂತ 9 ಮೀಟರ್ ಎತ್ತರದ ಮರ 4 ಮೀಟರಿಗಿಂತ ತುಸು ದೂರವಿದ್ದರೆ ಸಾಕು. ಏರ್‌ಟೆಲ್‌ಗೆ ಅದೇ ಮರ 7 ಮೀಟರಿಗೂ ಆಚೆಗಿರಬೇಕು. ಕೊಂಬೆ ಬೆಳೆಯುವುದಕ್ಕೆ ಇನ್ನೆರಡು ಮೀಟರ್ ಬಿಟ್ಟುಕೊಳ್ಳಿ.

ಉಪಗ್ರಹ ಇಷ್ಟು ಮೇಲಿರುವುದರಿಂದ ಒಂದು ಲಾಭವಿದೆ. ಡಿಶ್ ಮಾಡಿನ ಮೇಲೇ ಇರಬೇಕೆಂದಿಲ್ಲ. ತಗಡಿನ ಮಾಡಿಗೆ ತೂತು ಹೊಡೆದು ಕಂಬ ನಿಲ್ಲಿಸಿದರೆ ಆ ತೂತಿನಲ್ಲಿ ಮಳೆ ಒಳಗಿಳಿಯುವುದು ಖಂಡಿತ. ಅಂಗಳದ ಮೂಲೆಯಲ್ಲಿ ಕಾಂಕ್ರೀಟ್ ಹಾಕಿ, ಆಳೆತ್ತರದ ಜಿಐ ಪೈಪ್ ನೆಟ್ಟು ಡಿಶ್ ಕೂರಿಸಿದರೆ ಕೈಗೆಟುಕುತ್ತದೆ. ನಮ್ಮಲ್ಲಿ ಕೈಗೆಟುಕಬೇಕಾದ ಕಾರಣವೂ ಉಂಟು. ಈಗಿನ ಡಿಶ್‌ಗಳು ಓರೆ ನೋಟದವು. ಎದುರಿಗೆ ನೋಡುತ್ತಿರುವಂತೆ ಕಂಡರೂ ಸುಮಾರು 25 ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತವೆ. ಯುರೋಪಿನಲ್ಲಿ ಅವು ಗೋಡೆಗೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತವೆ. ಇಲ್ಲಿ 66 ಅಥವಾ 75 ಡಿಗ್ರಿ ಮೇಲೆ ನೋಡಬೇಕಾದ್ದರಿಂದ ಅರ್ಧ ಅಂಗಾತ ಮಲಗುತ್ತವೆ. ಎಲೆ, ಇಬ್ಬನಿ, ಹಕ್ಕಿ ಹಿಕ್ಕೆ, ಪಾಚಿ ಎಲ್ಲ ಅದರೊಳಗೇ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುವ ಹಾಗಿದ್ದರೆ ಅರ್ಧ ದೂರು ಕಡಿಮೆ. ಕಾಟಿಗಳು ಓಡಾಡುವ ಅಂಗಳವಾದರೆ, ಆನೆ ಬರುವ ಮಸಿನಗುಡಿಯಾದರೆ, ಈ ಸಲಹೆ ಬಿಟ್ಟು ಗೋಡೆಗೇ ಬಿಗಿಯಿರಿ.

ಇನ್ನೊಂದು ಸಂಗತಿಯನ್ನು ಡಿಶ್ ಹಾಕುವವರು ಅವಸರದಲ್ಲಿ ಬಿಟ್ಟೇಬಿಡುತ್ತಾರೆ: ಎಲ್‌ಎನ್‌ಬಿಯ, ಅಂದರೆ ಡಿಶ್‌ನ ಮುಂದೆ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿಯ ತಿರುವು. ಉಪಗ್ರಹದ ತರಂಗ ಲಂಬ, ಅಡ್ಡ ಎಂಬ ಎರಡು ಬಗೆಯಲ್ಲಿ ಬರುತ್ತದೆ. ಆದರೆ ನಮ್ಮ ಆಕಾಶದಲ್ಲಿ ಆ ‘ಲಂಬ’ ನಮ್ಮ ಲಂಬಕ್ಕೆ ಓರೆಯಾಗಿರುತ್ತದೆ. 93.5 ಡಿಗ್ರಿಯ ಉಪಗ್ರಹಕ್ಕೆ ಊಟಿಯಲ್ಲಿ ಲೆಕ್ಕದ ಪ್ರಕಾರ ಈ ಓರೆ ಸುಮಾರು 55 ಡಿಗ್ರಿ, 83ಕ್ಕೆ 28ರ ಆಸುಪಾಸು. ನೆಟ್ಟಗೆ ಸಿಕ್ಕಿಸಿ ಹೋದರೂ ಹೊಸ ಡಿಶ್ ಬಿಸಿಲಿನ ದಿನ ಚಿತ್ರ ಕೊಟ್ಟೀತು. ಮಳೆಗಾಲಕ್ಕೆ ಕೈಯಲ್ಲಿ ಉಳಿತಾಯವೇನೂ ಇರುವುದಿಲ್ಲ. ಬಾಕ್ಸಿನ ಸಿಗ್ನಲ್ ಪುಟ ತೆರೆದಿಟ್ಟು, ಎಲ್‌ಎನ್‌ಬಿಯನ್ನು ನಿಧಾನವಾಗಿ ತಿರುಗಿಸಿ, ‘ಕ್ವಾಲಿಟಿ’ ಪಟ್ಟಿ ಗರಿಷ್ಠಕ್ಕೆ ಬಂದಲ್ಲಿ ಬಿಗಿಯಬೇಕು. ‘ಸ್ಟ್ರೆಂತ್’ ಪಟ್ಟಿಯನ್ನು ನಂಬಬೇಡಿ, ಅದಕ್ಕೆ ಗದ್ದಲವೂ ಶಕ್ತಿಯೇ.

ಈಗ ಮಳೆ ಮತ್ತು ಮಂಜು. ‘ಮಂಜು ಬಂತು, ಟಿವಿ ಹೋಯಿತು’ ಎನ್ನುವುದು ಬೆಟ್ಟದ ಮೇಲಿನ ಮಾಮೂಲಿ ಮಾತು. ಮಂಜಿನ ಹನಿ ಎಷ್ಟು ಸಣ್ಣದೆಂದರೆ 11–12 ಗಿಗಾಹರ್ಟ್ಸ್‌ನ ಕೆಯು ಬ್ಯಾಂಡ್ ತರಂಗಕ್ಕೆ ಅದರಿಂದಾಗುವ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಮಂಜಿಗೆ ಟಿವಿ ಹೋಗುವ ಮನೆಯಲ್ಲಿ ನಾನು ಮೊದಲು ಬಿಚ್ಚುವುದು ಡಿಶ್ ತುದಿಯ ಕನೆಕ್ಟರನ್ನು. ಒಳಗೆ ತಾಮ್ರ ಹಸಿರುಗಟ್ಟಿರುತ್ತದೆ, ಹೆಣಿಗೆ ಒದ್ದೆಯಾಗಿರುತ್ತದೆ. ತಪ್ಪು ಮಂಜಿನದಲ್ಲ, ತೇವ ಒಳಹೋಗಲು ಬಿಟ್ಟವರದು.

ಜೋರು ಮಳೆಯ ಕತೆ ಬೇರೆ, ಅದು ನಿಜವಾಗಿಯೂ ಕಾಡುತ್ತದೆ. ಗಂಟೆಗೆ 50 ಮಿಲಿಮೀಟರ್ ಸುರಿಯುವ ಮಳೆ ಪ್ರತಿ ಕಿಲೋಮೀಟರಿಗೆ ಎರಡು ಡೆಸಿಬೆಲ್‌ನಷ್ಟು ತಿನ್ನುತ್ತದೆ. ಇಲ್ಲೊಂದು ಸ್ವಾರಸ್ಯ. ನಮ್ಮ ಸೀಮೆಯಲ್ಲಿ ಮೋಡದೊಳಗೆ ಸುಮಾರು 5 ಕಿಲೋಮೀಟರ್ ಎತ್ತರದವರೆಗೆ ನೀರಹನಿ, ಅದರ ಮೇಲೆ ಹಿಮಕಣ. ಹಿಮಕಣ ಈ ತರಂಗವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಊಟಿ ಇರುವುದೇ 2,240 ಮೀಟರಿನಲ್ಲಿ, ಹಾಗಾಗಿ ಫ್ರೀ ಡಿಶ್‌ನ ತರಂಗ ಅಲ್ಲಿ ಮಳೆಯೊಳಗೆ ಸಾಗುವ ದಾರಿ ಮೂರು ಕಿಲೋಮೀಟರ್. ಸಾವಿರ ಮೀಟರಿನ ಗೂಡಲೂರಿಗೆ ಬರುವಾಗ ಅದು ನಾಲ್ಕೂವರೆಯ ಹತ್ತಿರ. ಮುಂಗಾರು ನೇರವಾಗಿ ಬಡಿಯುವುದೂ ಗೂಡಲೂರು, ದೇವಾಲದ ಕಡೆಗೇ. ಊಟಿಯ ಪಕ್ಕದ ಅವಲಾಂಚಿಯಲ್ಲಿ 2019ರ ಆಗಸ್ಟ್ 8ರಂದು ಇಪ್ಪತ್ನಾಲ್ಕು ಗಂಟೆಯ ಮಳೆ 820 ಮಿಲಿಮೀಟರ್ ದಾಖಲಾಗಿತ್ತು; ಅಂಥ ದಿನ ಯಾವ ಡಿಶ್‌ಗೂ ಮಾತಿಲ್ಲ. ಮಾಮೂಲಿ ಆಷಾಢದ ಮಳೆಗೆ ಮಾತ್ರ ಉಪಾಯವಿದೆ. 60 ಸೆಂಟಿಮೀಟರಿನ ಬದಲು 90ರ ಡಿಶ್ ಹಾಕಿದರೆ ಮೂರೂವರೆ ಡೆಸಿಬೆಲ್ ಲಾಭ. ಗೂಡಲೂರಿನವರು ಹಿಂದೆಮುಂದೆ ನೋಡದೆ 90ಕ್ಕೆ ಹೋಗಲಿ. ಮಳೆ ನೆರಳಿನ ಮಸಿನಗುಡಿಗೆ 60 ಧಾರಾಳ. ಊಟಿಯವರು ಅಂಗಳದ ಅಳತೆ ನೋಡಿ ತೀರ್ಮಾನಿಸಲಿ. ಕೇಬಲ್‌ನವರ ದೊಡ್ಡ ಡಿಶ್ ಮಳೆಗೆ ಅಷ್ಟಾಗಿ ಜಗ್ಗದಿರುವುದಕ್ಕೆ ಕಾರಣ ಗಾತ್ರವೊಂದೇ ಅಲ್ಲ. ಅವರು ಬಳಸುವ 4 ಗಿಗಾಹರ್ಟ್ಸ್ ಆಸುಪಾಸಿನ ಸಿ ಬ್ಯಾಂಡನ್ನು ಮಳೆ ಕಾಡುವುದು ತೀರಾ ಕಡಿಮೆ.

ಇನ್ನು ಮನೆಯೊಳಗೆ. ಒಂದೇ ಟಿವಿಯ ಮನೆಗೆ ಇಷ್ಟೆಲ್ಲ ಏಕೆ ಎನ್ನಬಹುದು. ಮೂರು ರಾಜ್ಯ ಕೂಡುವ ಗೂಡಲೂರಿನ ಕಡೆ ಒಂದೇ ಸೂರಿನಡಿ ಅಜ್ಜಿಗೆ ಕನ್ನಡ ಧಾರಾವಾಹಿ, ಸೊಸೆಗೆ ಮಲಯಾಳಂ ಸಿನಿಮಾ, ಮಕ್ಕಳಿಗೆ ತಮಿಳು ಹಾಸ್ಯ, ಯಜಮಾನರಿಗೆ ಕ್ರಿಕೆಟ್ಟು. ಇಲ್ಲಿ ಹಲವು ಕೋಣೆಯ ಟಿವಿ ಶೋಕಿಯಲ್ಲ, ಸಂಸಾರ ನಡೆಸುವ ಉಪಾಯ. ಆಗ ಕರೆಂಟಿನವರ ಬಾಯಲ್ಲಿ ಬರುವ ಮಾತು ಒಂದೇ: ‘ಒಂದು ವೈರ್ ಎಳೆದು ಸ್ಪ್ಲಿಟರ್ ಹಾಕಿಬಿಟ್ರೆ ಆಯ್ತು ಸಾರ್.’

ಆಗುವುದಿಲ್ಲ. ಡಿಶ್‌ನ ವೈರು ಸಿಗ್ನಲ್ಲನ್ನು ಕೆಳಗೆ ತರುವುದಷ್ಟೇ ಅಲ್ಲ, ಬಾಕ್ಸಿನ ಅಪ್ಪಣೆಯನ್ನು ಮೇಲಕ್ಕೂ ಒಯ್ಯುತ್ತದೆ. ಬಾಕ್ಸು 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬ ತರಂಗಕ್ಕೆ ಹೊರಳುತ್ತದೆ, 18 ಕಳಿಸಿದರೆ ಅಡ್ಡ ತರಂಗಕ್ಕೆ. ಜೊತೆಗೆ 22 ಕಿಲೋಹರ್ಟ್ಸ್‌ನ ಸಣ್ಣ ನಾದ ಸೇರಿಸಿದರೆ ಕೆಳಬ್ಯಾಂಡ್ ಬಿಟ್ಟು ಮೇಲಿನ ಬ್ಯಾಂಡಿಗೆ. ಎರಡು ಕೋಣೆಯ ಬಾಕ್ಸುಗಳು ಒಂದೇ ವೈರಿನಲ್ಲಿ ಎರಡು ಅಪ್ಪಣೆ ಕಳಿಸಿದರೆ 18ರದೇ ಮೇಲುಗೈ, 13ರವರ ಚಾನೆಲ್ ಮಾಯ. ಅಜ್ಜಿಯ ಧಾರಾವಾಹಿ ಬರುತ್ತಿದ್ದಾಗ ಮೊಮ್ಮಗ ಪಕ್ಕದ ಕೋಣೆಯಲ್ಲಿ ಚಾನೆಲ್ ಬದಲಿಸಿದನೆಂದು ಚಿತ್ರ ಸತ್ತರೆ ಕಾರಣ ಇದೇ.

ಹಾಗಾಗಿ ನಿಯಮ: ಒಂದು ಬಾಕ್ಸಿಗೆ ಒಂದು ವೈರು, ಅದು ಎಲ್‌ಎನ್‌ಬಿಯವರೆಗೆ ಅಥವಾ ಮಲ್ಟಿಸ್ವಿಚ್‌ವರೆಗೆ. ಎರಡು ಟಿವಿಗೆ ಟ್ವಿನ್ ಎಲ್‌ಎನ್‌ಬಿ, ನಾಲ್ಕಕ್ಕೆ ಕ್ವಾಡ್. ಅದಕ್ಕೂ ಮೇಲಾದರೆ, ಹೋಂಸ್ಟೇ ಎಂದರೆ ಅಷ್ಟು ಬೇಕೇ ಬೇಕು, ಕ್ವಾಟ್ರೋ ಎಲ್‌ಎನ್‌ಬಿ ಹಾಕಿ. ಕ್ವಾಡ್‌ಗೂ ಕ್ವಾಟ್ರೋಗೂ ನಾಲ್ಕೇ ಮೂತಿ, ಅಂಗಡಿಯಲ್ಲಿ ಅದಲುಬದಲಾಗುವುದು ಸಾಮಾನ್ಯ. ಕ್ವಾಡ್‌ನ ನಾಲ್ಕೂ ಮೂತಿ ಸ್ವತಂತ್ರ, ಬಾಕ್ಸಿಗೆ ನೇರ ಜೋಡಿಸಬಹುದು. ಕ್ವಾಟ್ರೋದ ಒಂದೊಂದು ಮೂತಿಯೂ ಒಂದೊಂದು ಪಾಲನ್ನಷ್ಟೇ ಕೊಡುತ್ತದೆ. ನಾಲ್ಕನ್ನೂ ಮಲ್ಟಿಸ್ವಿಚ್ಚಿಗೆ ಒಯ್ದರೆ ಅದು ಪ್ರತಿ ಕೋಣೆಯ ಅಪ್ಪಣೆ ಕೇಳಿ ಬೇಕಾದ್ದನ್ನು ಹಂಚುತ್ತದೆ. ಐದು ಒಳದಾರಿ, ಎಂಟು ಹೊರದಾರಿಯ ‘5×8’ ಸ್ವಿಚ್ ದೊಡ್ಡ ಮನೆಗೂ ಸಾಕು.

ಸ್ಪ್ಲಿಟರ್ ನಡೆಯುವ ಜಾಗ ಒಂದಿದೆ, ಅದು ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಯ ವಾಹಿನಿಗಳು ಒಂದೇ ಬಗೆಯ ತರಂಗದಲ್ಲಿ, ಕೆಳಬ್ಯಾಂಡಿನಲ್ಲೇ ಬರುವುದರಿಂದ ಎಲ್ಲ ಬಾಕ್ಸುಗಳ ಅಪ್ಪಣೆಯೂ ಒಂದೇ, ಜಗಳವಿಲ್ಲ. ತಿಂಗಳ ಬಾಡಿಗೆಯೂ ಇಲ್ಲ, ಡಿಡಿ ಚಂದನವೂ ಇದೆ. ಆದರೆ ಎಲ್ಲ ಮೂತಿಗಳಲ್ಲೂ ಕರೆಂಟ್ ಹಾಯುವ, 2,150 ಮೆಗಾಹರ್ಟ್ಸ್‌ವರೆಗಿನ ಸ್ಪ್ಲಿಟರನ್ನೇ ಕೇಳಿ ತನ್ನಿ. ಒಂದೇ ಮೂತಿಯಲ್ಲಿ ಹಾಯುವಂಥದು ಹಾಕಿದರೆ ಆ ಕೋಣೆಯವರು ಬಾಕ್ಸ್ ಆರಿಸಿದ ತಕ್ಷಣ ಮನೆಯಿಡೀ ಕತ್ತಲು. ಎರಡು ದಾರಿಯ ಸ್ಪ್ಲಿಟರ್ ಮೂರೂವರೆಯಿಂದ ನಾಲ್ಕು ಡೆಸಿಬೆಲ್ ನುಂಗುತ್ತದೆ ಎಂಬುದೂ ನೆನಪಿರಲಿ. 90ರ ಡಿಶ್‌ನಿಂದ ಮಳೆಗೆಂದು ಕಾದಿಟ್ಟ ಉಳಿತಾಯವನ್ನು ಎಲ್‌ಎನ್‌ಬಿಯ ವರ್ಧಕ ಸ್ವಲ್ಪಮಟ್ಟಿಗೆ ಕಾಯುತ್ತದೆ, ನಿಜ. ಸ್ಪ್ಲಿಟರಿಗೆ ಉದ್ದನೆಯ ಕಳಪೆ ವೈರೂ ಸೇರಿದರೆ ಅದೂ ಕೈಚೆಲ್ಲುತ್ತದೆ.

ವೈರಿನ ವಿಷಯದಲ್ಲಿ ಜಿಪುಣತನ ಬೇಡ. ಆರ್‌ಜಿ-6ಕ್ಕಿಂತ ಸಣ್ಣದನ್ನು ಗೋಡೆಯೊಳಗೆ ಹೂಳಬೇಡಿ. ಒಳ್ಳೆಯ ಆರ್‌ಜಿ-6 ಕೂಡ 2,150 ಮೆಗಾಹರ್ಟ್ಸ್‌ನಲ್ಲಿ ಮೂವತ್ತು ಮೀಟರಿಗೆ ಒಂಬತ್ತು–ಹತ್ತು ಡೆಸಿಬೆಲ್ ಕಳೆಯುತ್ತದೆ. ಅಂಗಡಿಯಲ್ಲಿ ಸಿಗುವ ಬಹುಪಾಲು ವೈರಿನ ನಡುಗಂಬಿ ತಾಮ್ರ ಹೊದಿಸಿದ ಉಕ್ಕು. ಸಿಗ್ನಲ್ಲಿಗೆ ಅದರಿಂದ ತೊಂದರೆಯಿಲ್ಲ, ಇಷ್ಟು ಎತ್ತರದ ಕಂಪನಾಂಕದಲ್ಲಿ ವಿದ್ಯುತ್ತು ಕಂಬಿಯ ಹೊರಚರ್ಮದ ಎರಡು ಮೂರು ಮೈಕ್ರಾನಿನಲ್ಲೇ ಹರಿಯುತ್ತದೆ. ಆದರೆ ಮೇಲಕ್ಕೆ ಹೋಗುವ 13–18 ವೋಲ್ಟು ಇಡೀ ಕಂಬಿಯಲ್ಲಿ ಹರಿಯಬೇಕು, ಉಕ್ಕು ಅದಕ್ಕೆ ಅಡ್ಡಿ. ಉದ್ದ ಹೆಚ್ಚಿದ್ದಲ್ಲಿ, ಮಲ್ಟಿಸ್ವಿಚ್ ಇದ್ದಲ್ಲಿ ಅಪ್ಪಟ ತಾಮ್ರದ ಕಂಬಿಯೇ ಸರಿ. ಕನೆಕ್ಟರ್ ಕೈಯಲ್ಲಿ ತಿರುಗಿಸುವಂಥದಲ್ಲ, ಒತ್ತಿ ಕೂರಿಸುವ ಕಂಪ್ರೆಶನ್ ಮಾದರಿಯದು. ಹೊರಗಿನ ಪ್ರತಿ ಜೋಡಣೆಗೂ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ವೈರು ಗೋಡೆಯೊಳಗೆ ನುಗ್ಗುವ ಮುನ್ನ ಒಂದು ಕೆಳಬಾಗು ಬಿಡಿ. ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗಲಿ.

ದಾರಿ ಎಲ್ಲಿ? ಊಟಿಯ ಹಳೆಯ ಮನೆಗಳ ಗೋಡೆ ದಪ್ಪ ಕಲ್ಲಿನದು, ವೈಫೈಯನ್ನೇ ದಾಟಗೊಡದಂಥದು. ಮಾಡಿನ ಭಾರ ಹೊತ್ತ ಅಂಥ ಗೋಡೆಯಲ್ಲಿ ಉದ್ದಕ್ಕೆ ಅಡ್ಡ ಸೀಳು ಕೊರೆಯಬಾರದು. ನೇರ ಕೆಳಗಿಳಿಯುವ ಗೀಟು ಸಾಕು. ತಗಡಿಗೂ ಮರದ ಸೀಲಿಂಗಿಗೂ ನಡುವಿನ ಅಟ್ಟವೇ ಹೆದ್ದಾರಿ. ಅಲ್ಲಿ ಒಂದು ಮೂಲೆಯನ್ನು ಕೇಂದ್ರ ಮಾಡಿ, ಮಲ್ಟಿಸ್ವಿಚ್, ಕರೆಂಟಿನ ಪಾಯಿಂಟು, ಇಂಟರ್ನೆಟ್ ಡಬ್ಬಿ ಒಟ್ಟಿಗಿಟ್ಟು, ಅಲ್ಲಿಂದ ಪ್ರತಿ ಕೋಣೆಗೆ ಪ್ರತ್ಯೇಕ ಪೈಪ್ ಇಳಿಸಿ. ಬೆಂಕಿಗೂಡು ಬಳಕೆ ತಪ್ಪಿದ ಮನೆಗಳಲ್ಲಿ ಚಿಮಣಿಯಷ್ಟು ಸಲೀಸು ದಾರಿ ಇನ್ನೊಂದಿಲ್ಲ. ಚಳಿಗಾಲದಲ್ಲಿ ಈಗಲೂ ಸೌದೆ ಉರಿಸುವವರಾದರೆ ಆ ಆಸೆ ಬಿಡಿ. ಪೈಪ್ ಒಂದಿಂಚಿನದು ಇರಲಿ, ಮುಕ್ಕಾಲಿನದು ಬೇಡ. ತಿರುವಿನಲ್ಲಿ ಚೂಪು ಮೊಣಕೈ ಹಾಕದೆ ಉದ್ದನೆಯ ಬೆಂಡ್ ಹಾಕಬೇಕು. ಈ ವೈರನ್ನು ಅದರ ದಪ್ಪದ ಹತ್ತರಷ್ಟಕ್ಕಿಂತ ಬಿಗಿಯಾಗಿ ಬಾಗಿಸಬಾರದು. ಕರೆಂಟಿನ ಪೈಪಿನೊಳಗೆ ಟಿವಿ ವೈರು ಹಾಕುವುದಂತೂ ಸುತರಾಂ ಕೂಡದು.

ಇನ್ನು ಹಿಂದೆ ದೂರದರ್ಶನ ಹಿಡಿಯುತ್ತಿದ್ದ, ಮೀನಿನ ಮುಳ್ಳಿನಂಥ ಹಳೆಯ ಯಾಗಿ ಆಂಟೆನಾ. ಮಲ್ಟಿಸ್ವಿಚ್ಚಿನ ಐದನೆಯ ಒಳದಾರಿ ಇರುವುದೇ ಅದಕ್ಕೆ. ಆದರೆ ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರುಗಳಲ್ಲಿ ಆಯಕಟ್ಟಿನ ಐವತ್ತರಷ್ಟನ್ನು ಬಿಟ್ಟು ಉಳಿದವನ್ನು 2022ರ ಮಾರ್ಚ್ ವೇಳೆಗೆ ಮುಚ್ಚಲು ತೀರ್ಮಾನಿಸಿತು. 2016ರ ಫೆಬ್ರವರಿಯಲ್ಲಿ ಬೆಂಗಳೂರು, ಚೆನ್ನೈ ಸೇರಿ 16 ನಗರಗಳಲ್ಲಿ ಶುರುವಾದ ಡಿಜಿಟಲ್ ಪ್ರಸಾರದ ಪಟ್ಟಿಯಲ್ಲಿ ನೀಲಗಿರಿ ಇರಲಿಲ್ಲ. ಹಾಗೆಂದು ಆ ದಾರಿಯನ್ನು ಖಾಲಿ ಬಿಡುವುದೇಕೆ, ಎಫ್‌ಎಂ ಆಂಟೆನಾ ಜೋಡಿಸಿ. ತಗಡಿನ ಮಾಡು, ಕಲ್ಲಿನ ಗೋಡೆಯ ಒಳಗೆ ರೇಡಿಯೊ ಸೊರಗುತ್ತದೆ. ಹೊರಗಿನ ಯಾಗಿಯಿಂದ ಅದೇ ವೈರಿನಲ್ಲಿ ಎಲ್ಲ ಕೋಣೆಗೂ ರೇಡಿಯೊ ಬರುತ್ತದೆ. ಕೊಡೈಕೆನಾಲ್ ಎಫ್‌ಎಂ 100.5, ಮೈಸೂರು ಆಕಾಶವಾಣಿಯ ಎಫ್‌ಎಂ 100.6. ಒಂದರ ಮೈಮೇಲೆ ಇನ್ನೊಂದು. ಊಟಿಯ ಎತ್ತರದಲ್ಲಿ ಆಗ್ನೇಯದ ಕೊಡೈ ಮೈಸೂರನ್ನು ಮುಚ್ಚಿಹಾಕಬಹುದು. ಮಸಿನಗುಡಿಗೆ ಮೈಸೂರು ನೇರ ಉತ್ತರಕ್ಕೆ ಸುಮಾರು 80 ಕಿಲೋಮೀಟರ್, ಬೆನ್ನಿಗೆ ಕೊಡೈಯನ್ನು ತಡೆಯಲು ಇಡೀ ನೀಲಗಿರಿ ಇದೆ. ಅಲ್ಲಿನವರು ಉತ್ತರಕ್ಕೆ ಮುಖ ಮಾಡಿದ ಯಾಗಿಯೊಂದನ್ನು ಪರೀಕ್ಷಿಸಿ ನೋಡಲೇಬೇಕು. ಮೊದಲು ಬ್ಯಾಟರಿ ರೇಡಿಯೊ ಹಿಡಿದು ಮಾಡಿನೆತ್ತರಕ್ಕೆ ಹತ್ತಿ ಕೇಳಿ. ಅಲ್ಲಿ ಗೊರಗೊರವೆಂದಾದರೂ ಸಿಕ್ಕರೆ ಯಾಗಿಗೆ ದುಡ್ಡು ಹಾಕಬಹುದು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಎಲ್ಲ ಕೋಣೆಗೂ ವೈರು ಹರಿದ ಮನೆ ಹೆಚ್ಚು ಹೆದರಬೇಕು. ಒಂದು ಸಿಡಿಲು ಎಲ್ಲ ಬಾಕ್ಸುಗಳನ್ನೂ ಹುಡುಕಿಕೊಂಡು ಹೋಗುತ್ತದೆ. ಡಿಶ್‌ನ ಕಂಬವನ್ನೂ ವೈರುಗಳು ಒಳಬರುವಲ್ಲಿನ ಅರ್ತಿಂಗ್ ಬ್ಲಾಕನ್ನೂ ಮನೆಯ ಅರ್ತಿಂಗಿಗೇ ಸೇರಿಸಬೇಕು, ಬೇರೆ ಗುಂಡಿ ತೋಡಿ ಬೇರೆ ಅರ್ತ್ ಕೊಡಬಾರದು. ಕೋತಿಗಳಿಗೆ ಹೊರಗೆ ಜೋತಾಡುವ ವೈರೆಂದರೆ ಬಳ್ಳಿಯೇ. ಹೊರಗಿನದಷ್ಟನ್ನೂ ಪೈಪಿನೊಳಗೆ ತೂರಿಸಿ, ಅಡಿಗೊಂದು ಕ್ಲಾಂಪ್ ಬಿಗಿಯಿರಿ.

ದುಡ್ಡು ಕಡಿಮೆ ಬಿದ್ದರೆ ಯಾವುದನ್ನು ಬಿಡುವುದು? ಮಲ್ಟಿಸ್ವಿಚ್ ಆಮೇಲೆ ಕೊಳ್ಳಬಹುದು, ಡಿಶ್ ಆಮೇಲೆ ದೊಡ್ಡದು ಮಾಡಬಹುದು. ಪೈಪ್ ಮಾತ್ರ ಈಗಲೇ. 1975–76ರ ‘ಸೈಟ್’ ಎಂಬ ಉಪಗ್ರಹ ಪ್ರಸಾರ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ ಉಪಗ್ರಹದ ಟಿವಿ ಬಂದಾಗ ಡಿಶ್ ಎಂದರೆ ಹತ್ತು ಅಡಿ ಅಗಲದ ಕೋಳಿಬಲೆ. ಆಮೇಲೆ ಯಾಗಿ, ಆಮೇಲೆ ಕೇಬಲ್, ಆಮೇಲೆ ಚಿಕ್ಕ ಡಿಶ್, ಈಗ ಫೈಬರ್. ಹತ್ತು ಹದಿನೈದು ವರ್ಷಕ್ಕೊಮ್ಮೆ ವೈರಿನ ಜಾತಿ ಬದಲಾಗುತ್ತದೆ, ಗಾರೆ ಅಷ್ಟು ಬೇಗ ಬದಲಾಗುವುದಿಲ್ಲ. ಪ್ರತಿ ಕೋಣೆಗೆ ಎರಡು ಆರ್‌ಜಿ-6, ಒಂದು ಕ್ಯಾಟ್-6, ಜೊತೆಗೆ ಖಾಲಿ ಪೈಪೊಂದು, ಅದರೊಳಗೆ ಮುಂದೆ ವೈರು ಎಳೆಯಲು ನೈಲಾನ್ ದಾರ. ಗಾರೆಯವರು ಸಿಮೆಂಟ್ ಕಲಸುವ ಮುನ್ನ ಪ್ರತಿ ವೈರಿನ ಎರಡೂ ತುದಿಗೆ ಕೋಣೆಯ ಹೆಸರಿನ ಚೀಟಿ ಕಟ್ಟಿ, ಬಾಕ್ಸ್ ಜೋಡಿಸಿ ಕ್ವಾಲಿಟಿ ನೋಡಿ, ತೆರೆದ ಗೋಡೆಗೆ ಅಳತೆ ಪಟ್ಟಿ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಗೋಡೆಗೆ ಚಿತ್ರಪಟ ತೂಗುಹಾಕಲು ಮೊಳೆ ಹೊಡೆಯುವವರು ನೀವೇ.